ಮೆಲ್ಬೋರ್ನ್ ನಗರಕ್ಕೆ ಹದಿನಾರು ದಿನಗಳ ಪ್ರಯಾಣದ ಸಿದ್ಧತೆ

ಕಳೆದ ವರುಷದ ಚೈತ್ರಮಾಸಕ್ಕೆ ಮೊದಲೇ ನಾವು ಮುಟ್ಟಬೇಕಾಗಿದ್ದ ಊರಿಗೆ ಈ ವರುಷದ ಚೈತ್ರದಲ್ಲಿ ಹೋಗುವವರಿದ್ದೇವೆ. ಅದು ಆಸ್ಟ್ರೇಲಿಯಾ ಖಂಡದ ಆಗ್ನೇಯ ಭಾಗದಲ್ಲಿ ಸಮುದ್ರಕ್ಕೆ ಹತ್ತಿಕೊಂಡಿರುವ ಮೆಲ್ಬೋರ್ನ್ ಎಂಬ ಮಹಾನಗರವು. ಜೇವರ್ಗಿ ತಾಲೂಕಿನ ಇಜೇರಿಯೆಂಬ ಎರೆಭೂಮಿಯ ಗ್ರಾಮದಲ್ಲಿ ಹುಟ್ಟಿ, ಸುತ್ತಲಿನ ಊರುಗಳ ಶಾಲೆಗಳಲ್ಲಿಯೇ ಆಯುಷ್ಯವನ್ನು ಕಳೆದ ನಮಗೆ ಕಲಬುರಗಿಯೇ ಪಟ್ಟಣವು, ಬೆಂಗಳೂರೇ ದೇಶಾಂತರವು. ಹೀಗಿದ್ದವರು ಐವತ್ತು ಲಕ್ಷಕ್ಕೂ ಮಿಕ್ಕಿದ ಜನರಿರುವ ಪರಖಂಡದ ನಗರಕ್ಕೆ ಹೊರಡಲು ಕಾರಣವೊಂದೇ. ನಮ್ಮ ಮಗಳೂ ಅಳಿಯಂದಿರೂ ಆರು ವರುಷಗಳಿಂದ ಅಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ಕೂಸಿಗೆ ಬರುವ ಚೈತ್ರದಲ್ಲಿ ಒಂದು ವರುಷ ತುಂಬುವದು. ಆ ಕೂಸನ್ನು ನಾವು ಇನ್ನೂ ಎತ್ತಿಕೊಂಡಿಲ್ಲ.

ಪ್ರವಾಸದ ಸಂಗತಿಯನ್ನು ಹೋಗಿ ಬಂದವರು ಬರೆಯುವದು ವಾಡಿಕೆ. ಹೋಗುವ ಮೊದಲೇ ಬರೆಯ ಕುಳಿತ ನಮ್ಮನ್ನು ಕಂಡು ವಾಚಕರು ನಕ್ಕಾರು. ಆದರೆ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಈಗ ಇಂಥದೇ ಸಿದ್ಧತೆಯು ನಡೆದಿರುತ್ತದೆ. ಹೋಗಿ ಬಂದವರು ಕಂಡ ನೋಟಗಳನ್ನು ಹೇಳುವರೇ ಹೊರತು, ಹೊರಡುವ ಮೊದಲು ಪಟ್ಟ ತೊಡಕುಗಳನ್ನು ಮರೆತುಬಿಡುವರು. ನಾವು ಮರೆಯುವ ಮೊದಲು ಬರೆದಿಟ್ಟರೆ ಮತ್ತೊಬ್ಬರಿಗೆ ಒಂದು ವರುಷವಾದರೂ ಉಳಿದೀತೆಂಬ ಆಸೆಯಿಂದ ಲೇಖನಿಯನ್ನು ಹಿಡಿದಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವದು ಲೇಸು. ನಮ್ಮ ಕಾಲದಲ್ಲಿ ಹಳ್ಳಿಯ ಶಾಲೆಗೆ ಮಗುವನ್ನು ಸೇರಿಸಲು ಬಂದ ತಂದೆತಾಯಿಗಳಿಗೆ ಜನ್ಮದಿನವನ್ನು ಕೇಳಿದರೆ, "ಕಾರಹುಣ್ಣಿಮೆ ಮುಂದ ಹುಟ್ಟಿದ್ದು", "ದೊಡ್ಡ ಮಳಿ ಬಂದ ವರ್ಷ" ಎಂದು ಹೇಳುತ್ತಿದ್ದರು. ಜನನ ಮರಣಗಳ ನೋಂದಣಿಗೆ 1969ರಲ್ಲಿ ಕಾಯಿದೆಯೇನೋ ಆಗಿದ್ದಿತು. ಅದು ಹಳ್ಳಿಯ ಹೊಸ್ತಿಲವನ್ನು ಮುಟ್ಟಲು ಬಹುಕಾಲ ಹಿಡಿಯಿತು. ಶಾಲೆಯು ತೆರೆಯುವದು ಜೂನ್ ತಿಂಗಳಲ್ಲಿ. ಆದಕಾರಣ ಮಾಸ್ತರನು ಮಗುವಿನ ಎತ್ತರವನ್ನು ನೋಡಿ, ಹಲ್ಲುಗಳನ್ನು ನೋಡಿ, ಒಂದು ವರುಷವನ್ನು ಊಹಿಸಿ, ಅದರ ಮುಂದೆ "ಜೂನ್ 1" ಎಂದು ದಾಖಲೆಯ ಪುಸ್ತಕದಲ್ಲಿ ಬರೆದುಬಿಡುತ್ತಿದ್ದನು. ನಮ್ಮ ಜನ್ಮದಿನವನ್ನು ನಮ್ಮ ಗುರುಗಳು ಹೀಗೆಯೇ ಬರೆದರು. ನಾವು ಮಾಸ್ತರರಾದ ಮೇಲೆ ನೂರಾರು ಮಕ್ಕಳಿಗೆ ಅದೇ ಜನ್ಮದಿನವನ್ನು ದಯಪಾಲಿಸಿದೆವು. ನಮ್ಮ ತಾಲೂಕಿನ ಅರ್ಧ ಜನರು ಒಂದೇ ದಿನ ಹುಟ್ಟಿದವರೆಂದು ಮುಂದೊಬ್ಬ ಇತಿಹಾಸಕಾರನು ಆಶ್ಚರ್ಯಪಟ್ಟರೆ ಅದಕ್ಕೆ ನಾವೂ ಹೊಣೆಗಾರರು.

ನಮ್ಮ ಮನೆಯಾಕೆಯು ನಾಲ್ಕನೆಯ ಇಯತ್ತೆಯ ವರೆಗೆ ಓದಿದವಳು. ಆಕೆಯ ಶಾಲೆಯ ದಾಖಲೆಯಲ್ಲಿಯೂ ಜೂನ್ 1 ಎಂದೇ ಇದೆ. ಆದರೆ ಆಧಾರ್ ಕಾರ್ಡನ್ನು ಮಾಡಿಸುವಾಗ ಆ ದಾಖಲೆಯನ್ನು ತರಿಸುವ ಶ್ರಮವೇಕೆಂದು ನಾವೇ ಊಹೆಯಿಂದ ಬೇರೊಂದು ವರುಷವನ್ನು ಹೇಳಿ ಜನವರಿ 1 ಎಂದು ಬರೆಸಿದೆವು. ಹೆಸರಿನ ಮುಂದೆ ಒಂದು ಕಾಗದದಲ್ಲಿ "ಬಾಯಿ" ಎಂದು ಸೇರಿತು, ಮತ್ತೊಂದರಲ್ಲಿ ಬಿಟ್ಟುಹೋಯಿತು. ಇಷ್ಟು ವರುಷ ಈ ಭೇದದಿಂದ ಯಾರಿಗೂ ಬಾಧೆಯಾಗಲಿಲ್ಲ. ಎರಡು ವರುಷಗಳ ಹಿಂದೆ ಆಶ್ವೀಜದಲ್ಲಿ ಮಗಳು ತಾನು ಗರ್ಭಿಣಿಯೆಂಬ ಶುಭವಾರ್ತೆಯನ್ನು ತಿಳಿಸಿ, "ಅವ್ವನ್ನ ಕಳಸ್ರಿ ಅಪ್ಪಾಜಿ, ಬಾಣಂತನಕ್ಕ ಅವ್ವ ಬೇಕು" ಎಂದಳು. ನಾವು ಕಲಬುರಗಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿಯನ್ನು ಕೊಟ್ಟೆವು. ಕಾಗದಗಳಲ್ಲಿ ಜನ್ಮದಿನವು ಎರಡು ಬಗೆಯಾಗಿದ್ದುದರಿಂದ ಅರ್ಜಿಯು ನಿಂತಿತು. ಅದರಲ್ಲಿ ಅಧಿಕಾರಿಗಳ ದೋಷವೇನೂ ಇಲ್ಲ. ಒಬ್ಬಳೇ ಹೆಂಗಸು ಎರಡು ದಿನ ಹುಟ್ಟಲಾರಳಷ್ಟೆ? ಶಾಲೆಯ ದಾಖಲೆಯನ್ನು ಹುಡುಕಿಸಿ, ಆಧಾರವನ್ನು ತಿದ್ದಿಸಿ, ಹೆಸರನ್ನು ಒಂದುಗೂಡಿಸಿ, ಹೊಸ ಅರ್ಜಿಯನ್ನು ಕೊಡುವಷ್ಟರಲ್ಲಿ ಮಾಘವು ಕಳೆಯಿತು, ಫಾಲ್ಗುಣವೂ ಕಳೆಯಿತು. ಚೈತ್ರದ ಒಂದು ಬೆಳಗಿನಲ್ಲಿ ಕೂಸು ಹುಟ್ಟಿದ ಸುದ್ದಿಯು ದೂರವಾಣಿಯಲ್ಲಿ ಬಂದಿತು. ತಾಯಿಯು ಇಲ್ಲಿ, ಬಾಣಂತಿಯು ಅಲ್ಲಿ. ಅಳಿಯಂದಿರೇ ರಜೆಯನ್ನು ಹಾಕಿ, ಪುಸ್ತಕವನ್ನು ನೋಡಿಕೊಂಡು, ಕೂಸಿಗೆ ಎಣ್ಣೆಯೊತ್ತಿ ಎರೆದರು.

ಅಂದು ನಮ್ಮ ಮನೆಯಾಕೆಯು ಅಳಲಿಲ್ಲ, ಸಿಟ್ಟಾಗಲಿಲ್ಲ. "ಸಾವಿರ ಹುಡುಗರ ಜನ್ಮತಾರೀಖು ಬರದೀರಿ. ನಂದೊಂದು ನೆಟ್ಟಗ ಬರೀಲಿಕ್ಕೆ ಆಗಲಿಲ್ಲೇನ್ರಿ?" ಎಂದು ಇಷ್ಟೇ ಕೇಳಿದಳು. ಅದಕ್ಕೆ ನಾವು ಉತ್ತರವನ್ನು ಕೊಡಲಿಲ್ಲ. ಇಂದಿಗೂ ನಮ್ಮಲ್ಲಿ ಉತ್ತರವಿಲ್ಲ. ಆದಕಾರಣ ವಾಚಕರಲ್ಲಿ ನಮ್ಮ ಮೊದಲನೆಯ ವಿಜ್ಞಾಪನೆಯೇನಂದರೆ, ಪರದೇಶದ ಪ್ರಯಾಣವು ಮನಸ್ಸಿನಲ್ಲಿ ಇರಲಿ ಇಲ್ಲದಿರಲಿ, ಮನೆಯಲ್ಲಿರುವ ಎಲ್ಲರ ಕಾಗದಗಳನ್ನೂ, ಅದರಲ್ಲಿಯೂ ಹೆಂಗಸರ ಕಾಗದಗಳನ್ನು, ಇಂದೇ ಒಂದು ಕಡೆಗೆ ಹರವಿಕೊಂಡು ಹೆಸರನ್ನೂ ತಾರೀಖನ್ನೂ ತಾಳೆ ನೋಡಿರಿ. ಗಂಡಸರ ದಾಖಲೆಗಳನ್ನು ಉದ್ಯೋಗದವರು ಹತ್ತು ಸಲ ಕೇಳಿ ತಿದ್ದಿಸಿರುತ್ತಾರೆ. ಹೆಂಗಸರ ದಾಖಲೆಯನ್ನು ಯಾರೂ ಕೇಳದೆ ಇರುವದರಿಂದ ತಪ್ಪು ಅಲ್ಲಿಯೇ ಅಡಗಿ ಕುಳಿತಿರುತ್ತದೆ.

ಪಾಸ್‌ಪೋರ್ಟು ಜ್ಯೇಷ್ಠದಲ್ಲಿ ಕೈಸೇರಿತು. ಆದರೆ ಆಷಾಢದಲ್ಲಿ ನಮ್ಮ ತಾಯಿಯವರು ಅಂಗಳದಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದರು. ಎಂಬತ್ತೈದು ದಾಟಿದ ವೃದ್ಧೆಯನ್ನು ಬಿಟ್ಟು ಹೊರಡುವದು ಹೇಗೆ? ಈಗ ಅವರು ಕೋಲು ಹಿಡಿದು ಓಡಾಡುವಂತಾಗಿದ್ದಾರೆ. ಮಗಳು, "ಆರು ತಿಂಗಳಾದರೂ ಇರ್ರಿ" ಎನ್ನುವಳು. ಆಸ್ಟ್ರೇಲಿಯಾ ಸರಕಾರವು ಸಂದರ್ಶಕರಿಗೆ ಮೂರು ತಿಂಗಳಿಂದ ಒಂದು ವರುಷದ ವರೆಗೆ ಇರಲು ಅನುಮತಿಯನ್ನು ಕೊಡುವದೂ ಉಂಟು. ಆದರೆ ನಮ್ಮ ತಮ್ಮನು ಹೊಲಮನೆಗಳ ನಡುವೆ ತಾಯಿಯವರನ್ನು ನೋಡಿಕೊಳ್ಳಬಲ್ಲದ್ದು ಮೂರು ವಾರ. ಹೋಗುವ ಬರುವ ದಿನಗಳನ್ನು ಕಳೆದರೆ ಉಳಿಯುವದು ಹದಿನಾರು ದಿನ. ತಾಯಿಯವರು ಮಾತ್ರ, "ಕೂಸಿನ ಮಾರಿ ನೋಡಿ ಬಾ. ಅಲ್ಲಿತನಾ ನಾ ಎಲ್ಲಿ ಹೋಗ್ತೀನಿ?" ಎಂದರು. ವೀಸಾದ ಅರ್ಜಿಯಲ್ಲಿ, ನೀವು ಮರಳಿ ಸ್ವದೇಶಕ್ಕೆ ಹೋಗುವಿರೆಂದು ನಂಬಲು ಆಧಾರವೇನೆಂಬ ಅರ್ಥದ ವಿಚಾರಣೆಯಿರುತ್ತದೆ. ನಾವು ಹೊಲದ ಪಹಣಿಯನ್ನೂ ನಿವೃತ್ತಿವೇತನದ ಆದೇಶವನ್ನೂ ಲಗತ್ತಿಸಿದೆವು. ನಿಜವಾದ ಆಧಾರವು ಪಡಸಾಲೆಯಲ್ಲಿ ಕೋಲು ಹಿಡಿದು ಕುಳಿತಿದ್ದಿತು. ಅದನ್ನು ಲಗತ್ತಿಸಲು ಅರ್ಜಿಯಲ್ಲಿ ಸ್ಥಳವಿರಲಿಲ್ಲ.

ಇನ್ನು ಕಾಲದ ವಿಚಾರ. ಮೆಲ್ಬೋರ್ನ್ ನಗರವು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 38 ಅಂಶಗಳ ಮೇಲಿದೆ. ನಮ್ಮ ಇಜೇರಿಯು ಉತ್ತರಕ್ಕೆ ಸುಮಾರು 17 ಅಂಶಗಳ ಮೇಲಿದೆ. ಆದಕಾರಣ ಋತುಗಳು ತಿರುವುಮುರುವು. ನಮ್ಮಲ್ಲಿ ಭೂಮಿಯು ಬಿರಿಯುವ ಬೇಸಗೆಯ ಕೊನೆಗೆ ಅಲ್ಲಿ ಚಳಿ ಕಾಲಿಡುವದು. ಜೂನ್, ಜುಲೈ, ಆಗಸ್ಟ್ ತಿಂಗಳುಗಳು ಅಲ್ಲಿಯ ಚಳಿಗಾಲವು. ಮಾರ್ಚ್ ತಿಂಗಳಲ್ಲಿ ಹಗಲಿನ ಶಾಖವು ಸಾಮಾನ್ಯವಾಗಿ 24 ಅಂಶದ ಸುತ್ತ, ರಾತ್ರಿಯದು 13ರ ಸುತ್ತ ಇರುವದರಿಂದ ನಮ್ಮಂಥವರಿಗೆ ಅದೇ ಹಿತವಾದ ಕಾಲ. ಆದರೆ ಒಂದೇ ಹಗಲಿನಲ್ಲಿ ನಾಲ್ಕು ಋತುಗಳನ್ನು ಕಾಣಿಸುವ ಊರೆಂದು ಅಲ್ಲಿಯವರೇ ತಮ್ಮ ಊರನ್ನು ಹಾಸ್ಯಮಾಡುವರಂತೆ. ದಪ್ಪವಾದ ಒಂದೇ ಅಂಗಿಗಿಂತ ತೆಳ್ಳಗಿನ ಮೂರು ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಂಡು, ಬೇಕಾದಂತೆ ಕಳಚುವದು ಒಳ್ಳೆಯದೆಂದು ಮಗಳ ಸೂಚನೆ.

ಗಡಿಯಾರವೂ ಬೇರೆ. ಅಲ್ಲಿಯ ಸಮಯವು ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಮುಂದೆ ಇರುತ್ತದೆ. ಅಕ್ಟೋಬರದ ಮೊದಲ ರವಿವಾರದಿಂದ ಏಪ್ರಿಲಿನ ಮೊದಲ ರವಿವಾರದ ವರೆಗೆ ಅವರು ಗಡಿಯಾರವನ್ನು ಇನ್ನೊಂದು ಗಂಟೆ ಮುಂದಕ್ಕೆ ತಿರುಗಿಸುವದರಿಂದ ಐದೂವರೆ ಗಂಟೆಯಾಗುವದು. ಇಜೇರಿಯಲ್ಲಿ ಮುಂಜಾನೆ ಏಳು ಹೊಡೆದು ತಾಯಿಯವರು ಚಹಾ ಕುಡಿಯುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆಯಾಗಿರುತ್ತದೆ. ದಿನಾಲು ಆ ಹೊತ್ತಿಗೆ ಎಲ್ಲಿದ್ದರೂ ಅವರೊಡನೆ ಮಾತನಾಡತಕ್ಕದ್ದೆಂದು ನಮ್ಮ ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲು ಬರೆದುಕೊಂಡಿದ್ದೇವೆ.

ದಾರಿಯು ಹೀಗೆ. ಇಜೇರಿಯಿಂದ ಜೇವರ್ಗಿ, ಅಲ್ಲಿಂದ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಕಲಬುರಗಿ, ಕಲಬುರಗಿಯಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರು. ಅಲ್ಲಿ ಒಂದು ದಿನ ಬಂಧುಗಳ ಮನೆಯಲ್ಲಿ ವಿಶ್ರಾಂತಿಯನ್ನು ಪಡೆದು ದೇವನಹಳ್ಳಿಯ ವಿಮಾನ ನಿಲ್ದಾಣ. ಬೆಂಗಳೂರಿನಿಂದ ಸಿಂಗಾಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿಂದ ಮೆಲ್ಬೋರ್ನಿಗೆ ಸುಮಾರು ಏಳೂವರೆ ಗಂಟೆ. ಔಷಧಿ ಸೇವಿಸುವವರು ಮೂರು ತಿಂಗಳಿಗೆ ಮೀರದಷ್ಟು ಔಷಧಿಯನ್ನು, ವೈದ್ಯರ ಚೀಟಿಯೊಡನೆ, ಅದರದೇ ಡಬ್ಬಿಯಲ್ಲಿ ಒಯ್ಯಬೇಕು. ನಮ್ಮ ವಿದ್ಯುತ್ತಿನ ದುಂಡುಮೊಳೆಯ ಪ್ಲಗ್ಗು ಅಲ್ಲಿಯ ಗೋಡೆಗೆ ಕೂಡುವದಿಲ್ಲ. ಅಲ್ಲಿಯದು ಓರೆಯಾದ ಚಪ್ಪಟೆ ಮೊಳೆಗಳದು.

ಎಲ್ಲಕ್ಕಿಂತ ಕಠಿಣವಾದದ್ದು ಬುತ್ತಿಯ ಪ್ರಶ್ನೆ. ಮಗಳ ಮನೆಗೆ ಬರಿಗೈಯಿಂದ ಹೋದ ತಾಯಿಯನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ. ನಮ್ಮ ಮನೆಯಾಕೆಯು ಸಂಕ್ರಾಂತಿಯಿಂದಲೇ ಗಂಟುಗಳನ್ನು ಕಟ್ಟತೊಡಗಿದಳು: ಹೊಸ ತೊಗರಿಬೇಳೆ, ಹೆಸರುಕಾಳು, ಶೇಂಗಾ, ಕೊತ್ತಂಬರಿಬೀಜ, ಜೀರಿಗೆ, ಒಣಮೆಣಸಿನಕಾಯಿ, ತುಪ್ಪ, ಪೇಢೆ. ಅಳಿಯಂದಿರು ನಿಯಮಗಳ ಪಟ್ಟಿಯನ್ನು ಕಳುಹಿಸಿದ ಮೇಲೆ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿದವು. ಆಸ್ಟ್ರೇಲಿಯಾ ದೇಶವು ಸುತ್ತಲೂ ಸಮುದ್ರವಿದ್ದದರಿಂದ ಬೇರೆ ಖಂಡಗಳ ಅನೇಕ ಕೀಟಗಳೂ ಪಶುರೋಗಗಳೂ ಇಲ್ಲದೆ ಉಳಿದುಕೊಂಡಿದೆ. ಅವು ಒಳಗೆ ಬಾರದಂತೆ ಅವರು ಕಣ್ಣಿನಲ್ಲಿ ಎಣ್ಣೆ ಹಾಕಿಕೊಂಡು ಕಾಯುವರು. ನಮ್ಮ ದೇಶದಲ್ಲಿ ಕಾಲುಬಾಯಿ ಜ್ವರವು ದನಗಳಲ್ಲಿ ಇರುವದರಿಂದ ಪೇಢೆ, ಬರ್ಫಿ ಮೊದಲಾದ ಹಾಲಿನ ಮಿಠಾಯಿಗಳನ್ನು ಬಿಡುವದಿಲ್ಲ. ಖಾಪ್ರಾ ಎಂಬ, ಎಳ್ಳಿನಷ್ಟು ದೊಡ್ಡದಾದ ಒಂದು ದುಂಬಿಯುಂಟು. ಅದು ಕಣಜವನ್ನು ಹೊಕ್ಕರೆ ಕಾಳನ್ನೆಲ್ಲ ಹುಡಿಮಾಡುತ್ತದೆ, ಆಹಾರವಿಲ್ಲದೆಯೂ ಅದರ ಹುಳವು ವರುಷಗಟ್ಟಲೆ ಸಂದಿಯಲ್ಲಿ ಅಡಗಿರುತ್ತದೆ. ಇದರ ಭಯದಿಂದ 2020ರಿಂದೀಚೆಗೆ ಅಕ್ಕಿ, ಗೋದಿ, ಕಡಲೆ, ಹೆಸರು, ತೊಗರಿ, ಶೇಂಗಾ, ಜೀರಿಗೆ, ಕೊತ್ತಂಬರಿಬೀಜ, ಒಣಮೆಣಸಿನಕಾಯಿ ಇವುಗಳನ್ನು ಪ್ರಯಾಣಿಕರು ತಮ್ಮ ಗಂಟಿನಲ್ಲಿ ಒಯ್ಯಕೂಡದೆಂದು ನಿರ್ಬಂಧವಾಗಿದೆ. ನಮ್ಮ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಆ ಗೌರವವೂ ಈ ದುಂಬಿಯ ಮುಂದೆ ನಡೆಯದು.

ಆಕೆಗೆ ಇದು ಅಪಮಾನದಂತೆ ತೋರಿತು. "ನಮ್ಮ ಹೊಲದ ಬ್ಯಾಳಿ ಏನು ವಿಷಾನ?" ಎಂದು ಕೇಳಿದಳು. ಆಗ ನಾವು, ನಮ್ಮ ಮನೆಯಲ್ಲಿಯೇ ಹಗೇವಿನ ಬಾಯಿಗೆ ಬೂದಿಯನ್ನು ಬಳಿದು ಕಾಳನ್ನು ಕಾಯುತ್ತಿದ್ದ ನಮ್ಮ ಅಜ್ಜಿಯನ್ನು ನೆನಪಿಗೆ ತಂದುಕೊಟ್ಟೆವು. ಅವರದು ಖಂಡದಷ್ಟು ದೊಡ್ಡ ಹಗೇವು, ಅಷ್ಟೆ. ಒಯ್ಯುವ ಆಹಾರ ಪದಾರ್ಥವು ಏನೇ ಇರಲಿ, ಇಳಿದೊಡನೆ ಕೊಡುವ ಹೇಳಿಕೆಯಲ್ಲಿ ಅದನ್ನು ಮುಚ್ಚದೆ ಕಾಣಿಸಬೇಕು. ಕಾಣಿಸಿದ್ದನ್ನು ಅಧಿಕಾರಿಯು ಪರೀಕ್ಷಿಸಿ ಬಿಡಬಹುದು ಅಥವಾ ತೆಗೆದಿಟ್ಟುಕೊಳ್ಳಬಹುದು. ಮುಚ್ಚಿಟ್ಟರೆ ಮಾತ್ರ ಭಾರಿಯಾದ ದಂಡವು. ಕೊನೆಗೆ ನಮ್ಮ ಪೆಟ್ಟಿಗೆಯಲ್ಲಿ ಉಳಿದದ್ದು ಕಟಕಾದ ಜೋಳದ ರೊಟ್ಟಿಯ ಒಂದು ಕಟ್ಟು. ಅದನ್ನೂ ಕಾಣಿಸಿಯೇ ಒಯ್ಯುವೆವು. ತೊಗರಿಬೇಳೆಯು ಅಲ್ಲಿಯ ಭಾರತೀಯರ ಅಂಗಡಿಗಳಲ್ಲಿಯೇ ದೊರೆಯುವದೆಂದು ಮಗಳು ಹೇಳಿದ್ದು ತಾಯಿಗೆ ಪೂರ್ಣ ಸಮಾಧಾನವನ್ನು ಕೊಡಲಿಲ್ಲ.

ಇನ್ನು ನೋಡತಕ್ಕ ಸ್ಥಳಗಳು. ನಾವು ಮೊದಲು ಇಪ್ಪತ್ತೆರಡು ಸ್ಥಳಗಳ ಪಟ್ಟಿಯನ್ನು, ವೇಳಾಪತ್ರಿಕೆಯ ರೀತಿಯಲ್ಲಿ ಗೆರೆಗಳನ್ನು ಎಳೆದು ಸಿದ್ಧಪಡಿಸಿದ್ದೆವು. ನಮ್ಮ ಮನೆಯಾಕೆಯು ಅದನ್ನು ಓದಿಸಿ ಕೇಳಿ, "ಇಷ್ಟೆಲ್ಲಾ ತಿರುಗಿದರ ಕೂಸಿನ ಎತ್ತಿಕೊಳ್ಳೋದು ಯಾವಾಗ?" ಎಂದಳು. ನಲವತ್ತು ವರುಷ ವೇಳಾಪತ್ರಿಕೆಗಳನ್ನು ಬರೆದ ನಮಗೆ ಈ ಸರಳವಾದ ಮಾತು ಹೊಳೆದಿರಲಿಲ್ಲ. ಆ ಮೇಲೆ ಒಂದು ನಿಯಮವನ್ನು ಮಾಡಿಕೊಂಡೆವು: ಮೊದಲ ಎರಡು ದಿನ ಮನೆಯಲ್ಲಿಯೇ ವಿಶ್ರಾಂತಿ, ಅನಂತರ ದಿನ ಬಿಟ್ಟು ದಿನ, ದಿನಕ್ಕೆ ಒಂದೇ ಕಡೆ, ಒಟ್ಟು ಐದೇ ಸಂಚಾರಗಳು. ಮಿಕ್ಕ ದಿನಗಳೆಲ್ಲ ಕೂಸಿನವು. ನಗರದ ಹೊರಗಿನ ಎರಡು ಪ್ರಸಿದ್ಧ ನೋಟಗಳನ್ನು, ಎಂದರೆ ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರ ವರೆಗೆ ಸಮುದ್ರದ ಅಂಚಿನಲ್ಲಿ ಕಡಿದ ಗ್ರೇಟ್ ಓಷನ್ ರಸ್ತೆಯನ್ನೂ, ಸಂಜೆಗೆ ಪೆಂಗ್ವಿನ್ ಪಕ್ಷಿಗಳು ದಂಡೆಗೆ ಏರಿ ಬರುವ ಫಿಲಿಪ್ ದ್ವೀಪವನ್ನೂ ಬಿಟ್ಟುಬಿಟ್ಟೆವು. ಎರಡೂ ಇಡೀ ದಿನವನ್ನು ನುಂಗುವಂಥವು.

ಮೊದಲನೆಯ ಸಂಚಾರವು ನಗರದ ನಡುಭಾಗಕ್ಕೆ. ಊರು 1835ರಲ್ಲಿ ನೆಲೆಗೊಂಡಿತು. 1837ರಲ್ಲಿ ಅಂದಿನ ಬ್ರಿಟಿಷ್ ಪ್ರಧಾನಿಯಾದ ಲಾರ್ಡ್ ಮೆಲ್ಬೋರ್ನನ ಹೆಸರನ್ನು ಅದಕ್ಕಿಟ್ಟರು. ಅದೇ ವರುಷ ರಾಬರ್ಟ್ ಹಾಡಲ್ ಎಂಬ ಭೂಮಾಪಕನು ಚದುರಂಗದ ಹಾಸಿನಂತೆ ಬೀದಿಗಳನ್ನು ಗೆರೆಹಾಕಿದನು. ಮುಖ್ಯ ಬೀದಿಗಳು 99 ಅಡಿ ಅಗಲ, ಅವುಗಳ ನಡುವಿನ ಸಣ್ಣ ಬೀದಿಗಳು 33 ಅಡಿ ಅಗಲ. ಬೀದಿಗಳು ಅಗಲವಾಗಿದ್ದುದರಿಂದಲೇ ಅಲ್ಲಿ ಟ್ರಾಮುಗಳು ಇಂದಿಗೂ ಸುಖವಾಗಿ ಓಡುತ್ತಿವೆ. ಸುಮಾರು 250 ಕಿಲೋಮೀಟರು ಉದ್ದದ ಆ ಟ್ರಾಮುಮಾರ್ಗದ ಜಾಲವು ಜಗತ್ತಿನಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ನಗರದ ನಡುಭಾಗದೊಳಗೆ 2015ರಿಂದ ಟ್ರಾಮಿಗೆ ಹಣವಿಲ್ಲ. ಅದನ್ನು ದಾಟಿದರೆ ಮಾತ್ರ ಮೈಕಿ ಎಂಬ ಕಾರ್ಡು ಬೇಕು. 1910ರಲ್ಲಿ ಪೂರ್ಣವಾದ ಫ್ಲಿಂಡರ್ಸ್ ಬೀದಿಯ ರೈಲು ನಿಲ್ದಾಣದ ಬಾಗಿಲಿನ ಮೇಲೆ ಸಾಲಾಗಿ ಗಡಿಯಾರಗಳಿವೆ. ಸ್ನೇಹಿತರು ಅವುಗಳ ಕೆಳಗೆ ಕೂಡುವದು ಆ ಊರಿನ ಪದ್ಧತಿ.

ನಿಲ್ದಾಣದ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಯಾರಾ. ಆ ನೆಲದ ಮೂಲನಿವಾಸಿಗಳಾದ ವುರುಂಜೆರಿ ಜನರು ಅದನ್ನು ಬಿರ್ರಾರುಂಗ್ ಎಂದು ಕರೆಯುತ್ತಿದ್ದರು. 1835ರಲ್ಲಿ ಬಂದ ವೆಜ್ ಎಂಬ ಭೂಮಾಪಕನು ಅವರು ಹರಿಯುವ ನೀರಿಗೆ ಹೇಳಿದ ಶಬ್ದವನ್ನು ನದಿಯ ಹೆಸರೆಂದು ತಪ್ಪಾಗಿ ತಿಳಿದು ಬರೆದುಕೊಂಡನು. ಬರೆದದ್ದೇ ಹೆಸರಾಯಿತು. ಇದನ್ನು ಓದಿದಾಗ ನಮಗೆ ನಮ್ಮ ದಾಖಲೆಯ ಪುಸ್ತಕವೂ ಜೂನ್ 1ನೆಯ ತಾರೀಖೂ ನೆನಪಾಗದೆ ಇರಲಿಲ್ಲ. ಲೇಖನಿಯನ್ನು ಹಿಡಿದವನು ಒಂದು ಕ್ಷಣ ಮೈಮರೆತರೆ ನದಿಯು ಇನ್ನೂರು ವರುಷ ಆ ತಪ್ಪನ್ನು ಹೊತ್ತುಕೊಂಡು ಹರಿಯಬೇಕಾಗುವದು.

ಎರಡನೆಯ ಸಂಚಾರವು ರಾಜ್ಯದ ಗ್ರಂಥಾಲಯಕ್ಕೆ. 1856ರಲ್ಲಿ ಬಾಗಿಲು ತೆರೆದ ಈ ಗ್ರಂಥಾಲಯದಲ್ಲಿ 1913ರಲ್ಲಿ ಕಟ್ಟಿದ, ಗುಮ್ಮಟದ ಕೆಳಗಿನ ಎಂಟು ಮೂಲೆಯ ವಾಚನಮಂದಿರವಿದೆ. ಒಳಗೆ ಹೋಗಲು ಹಣವಿಲ್ಲ. ನಮ್ಮ ಸೀಮೆಯವರು ಗುಮ್ಮಟವೆಂದರೆ ವಿಜಾಪುರವನ್ನು ನೆನೆಯುವವರು. ಅಲ್ಲಿ ಗುಮ್ಮಟದ ಕೆಳಗೆ ಸುಲ್ತಾನನು ಮಲಗಿದ್ದಾನೆ, ಇಲ್ಲಿ ಗುಮ್ಮಟದ ಕೆಳಗೆ ಜನರು ಓದುತ್ತ ಕುಳಿತಿರುತ್ತಾರೆ.

ಮೂರನೆಯದು ನಮ್ಮ ವೃತ್ತಿಗೆ ಸಂಬಂಧಪಟ್ಟದ್ದು. ಕಾರ್ಲ್‌ಟನ್ ಉದ್ಯಾನದಲ್ಲಿ 1880ರಲ್ಲಿ ಕಟ್ಟಿದ ಪ್ರದರ್ಶನ ಮಂದಿರವೊಂದಿದೆ. 2004ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು. ಆಸ್ಟ್ರೇಲಿಯಾ ಒಕ್ಕೂಟದ ಮೊದಲನೆಯ ಪಾರ್ಲಿಮೆಂಟು 1901ನೆಯ ಮೇ 9ರಂದು ಆರಂಭವಾದದ್ದು ಅಲ್ಲಿಯೇ. ಅದೇ ಪಾರ್ಲಿಮೆಂಟು ಅದೇ ವರುಷ ಒಂದು ಕಾಯಿದೆಯನ್ನು ಮಾಡಿತು: ದೇಶದೊಳಗೆ ಬರಬೇಕೆನ್ನುವವನಿಗೆ ಅಧಿಕಾರಿಯು ಯಾವುದಾದರೂ ಐರೋಪ್ಯ ಭಾಷೆಯಲ್ಲಿ 50 ಶಬ್ದಗಳ ಉಕ್ತಲೇಖನವನ್ನು ಕೊಡಬಹುದು, ಬರೆಯಲಾರದವನು ಮರಳಿ ಹೋಗತಕ್ಕದ್ದು. ಭಾಷೆಯನ್ನು ಆರಿಸುವವನು ಅಧಿಕಾರಿ. ಬಿಳಿಯರಲ್ಲದವರನ್ನು ಹೊರಗಿಡುವ ಉಪಾಯವಿದು. 1934ರಲ್ಲಿ ಪ್ರಾಗ್ ನಗರದ ಕಿಶ್ ಎಂಬ ಲೇಖಕನು ಹಲವು ಭಾಷೆಗಳನ್ನು ಬಲ್ಲವನಾದುದರಿಂದ, ಆತನಿಗೆ ಬಾರದ ಸ್ಕಾಟ್ಲಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆಯನ್ನು ಕೊಟ್ಟರು. ಆ ಪರೀಕ್ಷೆಯು ಸಲ್ಲದೆಂದು ಅಲ್ಲಿಯ ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಉಕ್ತಲೇಖನವು 1958ರಲ್ಲಿ ರದ್ದಾಯಿತು. ಬಣ್ಣವನ್ನು ನೋಡುವ ನೀತಿಯು 1973ರಲ್ಲಿ ಕೊನೆಗೊಂಡಿತು.

ನಾವು ಎಷ್ಟೋ ಸಾವಿರ ಉಕ್ತಲೇಖನಗಳನ್ನು ಕೊಟ್ಟವರು. ಮಗುವಿನ ಕಿವಿಯೂ ಕೈಯೂ ಒಂದಾಗಲೆಂದು, ಮಗುವು ಮುಂದಿನ ತರಗತಿಯೊಳಗೆ ಹೋಗಲೆಂದು ಅದನ್ನು ಕೊಡುವದು. ಬಾಗಿಲನ್ನು ಮುಚ್ಚುವದಕ್ಕೆ ಅದನ್ನು ಬಳಸಿದರೆಂಬದನ್ನು ಓದಿ ನಮ್ಮ ಮನಸ್ಸು ನೊಂದಿತು. ಆ ಕಾಯಿದೆಯನ್ನು ಸಮರ್ಥಿಸಿದವರಲ್ಲಿ ಆಲ್ಫ್ರೆಡ್ ಡೀಕಿನ್ ಒಬ್ಬನು. ಮುಂದೆ ಮೂರು ಸಲ ಪ್ರಧಾನಿಯಾದವನು. ಈತನೇ 1890ರ ಕೊನೆಗೆ ನಮ್ಮ ದೇಶಕ್ಕೆ ಬಂದು ಕಾಲುವೆಗಳನ್ನೂ ಕೆರೆಗಳನ್ನೂ ಅಧ್ಯಯನ ಮಾಡಿ, 1893ರಲ್ಲಿ ಭಾರತದ ನೀರಾವರಿಯ ಮೇಲೆ ಒಂದು ಗ್ರಂಥವನ್ನೂ, ದೇವಾಲಯ ಗೋರಿಗಳ ಮೇಲೆ ಇನ್ನೊಂದನ್ನೂ ಪ್ರಕಟಿಸಿದನು. ನಮ್ಮ ನೀರಿನ ವಿದ್ಯೆಯು ಆತನಿಗೆ ಬೇಕಾಯಿತು, ನಮ್ಮ ನೆರೆಹೊರೆಯು ಬೇಡವಾಯಿತು. ಆದರೆ ಅಲ್ಲಿಯವರು ಈ ಸಂಗತಿಯನ್ನು ಮುಚ್ಚಿಡುವದಿಲ್ಲ. ಹಳೆಯ ಸುಂಕದ ಕಟ್ಟಡದಲ್ಲಿ 1998ರಿಂದ ವಲಸೆಗಾರರ ವಸ್ತುಸಂಗ್ರಹಾಲಯವನ್ನು ನಡೆಯಿಸುತ್ತಿದ್ದಾರೆ. ನಮ್ಮ ಮಗಳು ಸುಖವಾಗಿ ಹೊಕ್ಕ ಬಾಗಿಲು ಹಿಂದೆ ಎಂಥವರಿಗೆ ಮುಚ್ಚಿದ್ದಿತೆಂಬದನ್ನು ಅಲ್ಲಿ ನಿಂತು ತಿಳಿದುಕೊಳ್ಳಬೇಕೆಂದಿದ್ದೇವೆ.

ನಾಲ್ಕನೆಯದು ನಗರದ ಆಗ್ನೇಯಕ್ಕೆ ಕ್ಯಾರಮ್ ಡೌನ್ಸ್ ಎಂಬಲ್ಲಿರುವ ಶ್ರೀ ಶಿವ ವಿಷ್ಣು ದೇವಾಲಯ. ಹರನೂ ಹರಿಯೂ ಒಂದೇ ಪ್ರಾಂಗಣದಲ್ಲಿರುವದು ತುಂಗಭದ್ರೆಯ ದಂಡೆಯ ಹರಿಹರವನ್ನು ಕಂಡವರಿಗೆ ಹೊಸದಲ್ಲ. ಊರಿನಲ್ಲಿ ಮೆಲ್ಬೋರ್ನ್ ಕನ್ನಡ ಸಂಘವೂ ಇದ್ದು ಹಬ್ಬಹುಣ್ಣಿಮೆಗಳಿಗೆ ಕನ್ನಡಿಗರು ಕೂಡುತ್ತಾರೆ. ಐದನೆಯದು 1846ರಲ್ಲಿ ಆರಂಭವಾದ ಸಸ್ಯೋದ್ಯಾನಕ್ಕೆ, ಕೂಸನ್ನು ಗಾಡಿಯಲ್ಲಿ ಕೂಡ್ರಿಸಿಕೊಂಡು. ಅದರ ನೆರೆಯಲ್ಲಿಯೇ ಸುಮಾರು ಒಂದು ಲಕ್ಷ ಜನರು ಕೂಡ್ರುವ ಕ್ರಿಕೆಟ್ ಅಂಗಣವಿದೆ. 1877ರಲ್ಲಿ ಮೊದಲನೆಯ ಟೆಸ್ಟ್ ಪಂದ್ಯವು ನಡೆದದ್ದು ಅಲ್ಲಿ. ಪೋಲಿಯೋದಿಂದ ಬಲಗೈ ಸೊರಗಿದ್ದ ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರು ಅದೇ ಕೈಯಿಂದ 52 ಓಟಗಳಿಗೆ ಆರರಂತೆ ಎರಡು ಸಲ, ಒಟ್ಟು ಹನ್ನೆರಡು ಹುದ್ದರಿಗಳನ್ನು ಕಿತ್ತು, 1978ರ ಜನವರಿಯಲ್ಲಿ ಮುಗಿದ ಪಂದ್ಯದಲ್ಲಿ ಭಾರತಕ್ಕೆ ಆ ದೇಶದೊಳಗಿನ ಮೊದಲನೆಯ ಟೆಸ್ಟ್ ಜಯವನ್ನು ತಂದುಕೊಟ್ಟದ್ದೂ ಅಲ್ಲಿಯೇ. ಹೊರಗಿನಿಂದಲಾದರೂ ನಮಸ್ಕರಿಸಿ ಬರುವೆವು. ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆಯನ್ನು ನೋಡಬೇಕೆನ್ನುವವರು ಸೋಮವಾರ ಬುಧವಾರಗಳನ್ನು ಬಿಟ್ಟು ಹೋಗಬೇಕು. ಆ ದಿನ ಅದು ಮುಚ್ಚಿರುತ್ತದೆ.

ಸಂಸ್ಕೃತವನ್ನು ಓದಿದ ನಮಗೆ ಇನ್ನೊಂದು ಚಿಂತೆಯಿದ್ದಿತು. ದಿನಾಲು ಸಂಕಲ್ಪದಲ್ಲಿ ಜಂಬೂದ್ವೀಪವೆಂದೂ ಭರತವರ್ಷವೆಂದೂ ಹೇಳುವವರು ಅಲ್ಲಿ ಏನು ಹೇಳಬೇಕು? ಸೂರ್ಯನು ಅಲ್ಲಿ ಮಧ್ಯಾಹ್ನಕ್ಕೆ ಉತ್ತರದಲ್ಲಿರುವನು. ಉತ್ತರಾಯಣದಲ್ಲಿ ಅಲ್ಲಿ ಹಗಲು ಕಿರಿದಾಗುತ್ತ ಹೋಗುವದು. ಯುಗಾದಿಯಂದು ಇಲ್ಲಿ ಬೇವು ಚಿಗುರಿದರೆ ಅಲ್ಲಿ ಎಲೆಗಳು ಹಣ್ಣಾಗತೊಡಗುವವು. ಧ್ರುವನು ಅಲ್ಲಿ ಕಾಣನು. ಮದುವೆಯಲ್ಲಿ ವಧುವಿಗೆ ತೋರಿಸುವ ಅರುಂಧತಿಯೂ ಕಾಣಳು. ಮಗಳ ಮದುವೆಯಲ್ಲಿ ನಾವು ಇಜೇರಿಯ ಅಂಗಳದಲ್ಲಿ ನಿಂತು ಅರುಂಧತಿಯನ್ನು ತೋರಿಸಿದ್ದೆವು. ಆಕೆಯು ಆ ನಕ್ಷತ್ರವು ಏಳದ ಊರಿಗೆ ಹೋಗಿ ಸಂಸಾರವನ್ನು ಕಟ್ಟಿದಳು.

ಆದರೆ ಕಳೆದುಕೊಂಡದ್ದಕ್ಕೆ ಬದಲಾಗಿ ಅಲ್ಲಿಯ ಆಕಾಶವು ಬೇರೆ ಪರಿಚಿತರನ್ನು ಕೊಡುತ್ತದೆ. ನಮ್ಮಲ್ಲಿ ವೈಶಾಖದ ರಾತ್ರಿ ದಕ್ಷಿಣದ ಅಂಚಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಇಣುಕುವ ತ್ರಿಶಂಕುವು ಅಲ್ಲಿ ನೆತ್ತಿಯ ಸಮೀಪಕ್ಕೆ ಏರುವದು, ಎಂದೂ ಮುಳುಗದು. ವಿಂಧ್ಯವನ್ನು ದಾಟಿ ದಕ್ಷಿಣಕ್ಕೆ ಹೋದ ಅಗಸ್ತ್ಯರ ನಕ್ಷತ್ರವೂ ಅಲ್ಲಿ ಅಸ್ತವಾಗದು. ಹೋದವರು ಮರಳಿ ಬರಲಿಲ್ಲವೆಂದು ಪುರಾಣವು ಹೇಳುವ ಆ ಋಷಿಯೇ ಅಲ್ಲಿ ಕಾವಲಿರುವನೆಂದ ಬಳಿಕ ಹೋದವರ ಬಗ್ಗೆ ನಾವು ಕೊರಗುವದೇಕೆ? ಸಂಕಲ್ಪದ ವಿಷಯವಾಗಿಯೂ ಒಂದು ನಿರ್ಣಯಕ್ಕೆ ಬಂದೆವು. ದ್ವೀಪದ ಹೆಸರು ಬಾರದಿದ್ದರೆ ಯಾರಾ ನದಿಯ ದಂಡೆಯೆಂದು ಹೇಳೋಣ. ಅದಕ್ಕಿಂತಲೂ ಅದರ ನಿಜವಾದ ಹೆಸರಾದ ಬಿರ್ರಾರುಂಗ್ ಎಂದೇ ಹೇಳೋಣ. ಒಂದು ಹೆಸರನ್ನಾದರೂ ಸರಿಯಾಗಿ ಹೇಳಿದ ಪುಣ್ಯವು ಬರಲಿ.

ಪೆಟ್ಟಿಗೆಗಳು ನಿನ್ನೆ ಕಟ್ಟಿ ಮುಗಿದವು. ತೂಕಕ್ಕೆ ಮಿತಿಯಿದ್ದುದರಿಂದ ನಾವು ಮೊಮ್ಮಗಳಿಗೆಂದು ತೆಗೆದಿಟ್ಟ ಎರಡು ದಪ್ಪ ಗ್ರಂಥಗಳನ್ನು ಹೊರಗೆ ಇಡಬೇಕಾಯಿತು. ಅವುಗಳ ಸ್ಥಳದಲ್ಲಿ ಒಂದು ಕೌದಿಯು ಸೇರಿತು. ಕಳೆದ ವರುಷ ಪಾಸ್‌ಪೋರ್ಟಿನ ದಾರಿಯನ್ನು ಕಾಯುತ್ತ ಕುಳಿತ ತಿಂಗಳುಗಳಲ್ಲಿ ನಮ್ಮ ಮನೆಯಾಕೆಯು ತನ್ನ ಹಳೆಯ ಇಳಕಲ್ಲ ಸೀರೆಗಳನ್ನೂ, ಮಗಳ ಬಾಲ್ಯದ ಲಂಗಗಳನ್ನೂ, ನಮ್ಮ ತಾಯಿಯವರ ಒಂದು ಸೀರೆಯನ್ನೂ ಕೂಡಿಸಿ ಅದನ್ನು ಹೊಲಿದಳು. ಬಾಣಂತನಕ್ಕೆಂದು ಆರಂಭಿಸಿದ್ದು ಮೊದಲನೆಯ ಹುಟ್ಟುಹಬ್ಬಕ್ಕೆ ಮುಟ್ಟುವದು. ಆಗಲೆ ಅದು ಕೂಸಿನ ಉದ್ದಕ್ಕಿಂತ ದೊಡ್ಡದಾಗಿತ್ತು. ಈಗ ಸರಿಯಾದೀತೆಂದು ಆಕೆಯ ಅಂದಾಜು. ಬಟ್ಟೆಯನ್ನು ಯಾವ ದೇಶದ ನಿಯಮವೂ ತಡೆಯುವದಿಲ್ಲವಷ್ಟೆ ಎಂದು ಮೂರು ಸಲ ಕೇಳಿದಳು. ಒಗೆದು ಒಣಗಿಸಿ ಮಣ್ಣೂ ಕಾಳೂ ಅಂಟಿಲ್ಲದಂತೆ ನೋಡಿದ್ದೇವೆ, ಅಡ್ಡಿಯಿಲ್ಲವೆಂದು ನಾವು ಹೇಳಿದೆವು.

ಮಡಿಚುವಾಗ ಮೂಲೆಯಲ್ಲಿ ಕೆಂಪು ದಾರದಿಂದ ಕೂಸಿನ ಹುಟ್ಟಿದ ದಿನವನ್ನು ಹೊಲಿದದ್ದನ್ನು ಕಂಡೆವು. ತಿಥಿ, ವಾರ, ತಾರೀಖು ಮೂರೂ ಇದ್ದವು. ನಾವು ಪಂಚಾಂಗವನ್ನು ತೆಗೆದು ತಾಳೆ ನೋಡಿದೆವು. ಮೂರೂ ಸರಿಯಾಗಿದ್ದವು.